ಫಾರ್ಮಸಿ ಬೋಧಕರ ವೃತ್ತಿತೃಪ್ತಿ: ಅಳೆಯುವ ಬಗೆ

ಹೊಸ ಫಾರ್ಮಸಿ ಕಾಲೇಜುಗಳಿಗೆ ಭಾರತೀಯ ಫಾರ್ಮಸಿ ಪರಿಷತ್ತು ಒಡ್ಡಿದ್ದ ತಡೆಯು ಊರ್ಜಿತವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಕಾಲೇಜುಗಳು ಹೆಚ್ಚಲಿ, ಅಲ್ಲಿ ಪಾಠ ಹೇಳುವವರು, ನಮ್ಮ ಮನೆಮಕ್ಕಳೂ ಸೇರಿದಂತೆ, ತೃಪ್ತರೇ?

ಇದನ್ನಳೆಯಲು ಪಾಲ್ ಸ್ಪೆಕ್ಟರ್ ಅವರು 1985ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಂಥವು ಇವೆ. ವೇತನ, ಬಡ್ತಿ, ಮೇಲಧಿಕಾರಿ, ಸಹೋದ್ಯೋಗಿ, ಕೆಲಸದ ಸ್ವರೂಪ ಮುಂತಾದ 9 ಅಂಶಗಳು, 36 ಹೇಳಿಕೆಗಳು. ಒಟ್ಟು ಅಂಕ 36ರಿಂದ 216. ಬ್ಯಾಂಕಿನವರಾದ ನಮಗೆ ಬರಿಯ ಒಟ್ಟು ಮೊತ್ತವೆಂದರೆ ಅನುಮಾನವೇ. ಪಾಠದ ಮೇಲಣ ಪ್ರೀತಿಯ ಜಮೆಯು ಸಂಬಳದ ಕೊರತೆಯನ್ನು ಮುಚ್ಚಿಬಿಡುತ್ತದೆ. ಅಂಶವಾರು ಅಂಕಗಳನ್ನೇ ನೋಡಬೇಕು.

ಕೇಳುವವರು ಯಾರೆಂಬುದೂ ಮುಖ್ಯ. ಪ್ರಾಚಾರ್ಯರೇ ಹೆಸರು ಬರೆಸಿಕೊಂಡು ನಮೂನೆ ತುಂಬಿಸಿದರೆ, ವರ್ಷವರ್ಷವೂ ಗುತ್ತಿಗೆ ನವೀಕರಣಕ್ಕೆ ಕಾಯುವ ಉಪನ್ಯಾಸಕಿ ತೃಪ್ತಿಯ ಕಡೆಗೇ ಗುರುತು ಹಾಕುವಳು.