ಹೆದ್ದಾರಿಗೂ ನೆರಳು ಬೇಕು

ಗೋವಾ ಗಡಿ ದಾಟಿ ಕಾರವಾರದ ಮಾಜಾಳಿಗೆ ಬಂದವರಿಗೆ ಈಗ ಮೊದಲು ತಾಗುವುದು ಬಿಸಿಲು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗುವಾಗ ಇಕ್ಕೆಲದ ಮರಗಳು ಉರುಳಿದವು. ನಡುಪಟ್ಟಿಯ ಹೂಗಿಡಗಳು ಬಸ್ಸಿಗೆ ಕಾಯುವ ಮೀನುಗಾರ ಹೆಂಗಸಿನ ಬುಟ್ಟಿಗೂ ನೆರಳಾಗವು. ರಸ್ತೆ ಬೇಕು, ನಿಜ. ಆದರೆ ಅದರ ಪಕ್ಕದಲ್ಲಿ ನಡೆಯುವವರೂ ನಮ್ಮವರೇ. ಮರದ ಬೆಲೆ ಕಾರವಾರಕ್ಕೆ ಹೊಸ ಪಾಠವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಟಾಗೋರರು ಇಲ್ಲಿನ ಕಡಲಂಚಿನ ಗಾಳಿಮರಗಳನ್ನು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಪಕ್ಕದ ಅಂಕೋಲಾದ ಹೊನ್ನಳ್ಳಿಯಲ್ಲಿ ತುಳಸಿ ಗೌಡರು ಇದ್ದರು. ಶಾಲೆ ಕಾಣದ, ಹಾಲಕ್ಕಿ ಸಮುದಾಯದ ಈ ಅಜ್ಜಿಗೆ ಯಾವ ತಾಯಿಮರದ ಬೀಜ ಚೆನ್ನ, ಅದನ್ನು ಯಾವಾಗ ಆಯಬೇಕು ಎಂಬುದು ಕರಗತವಾಗಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನ ದುಡಿದ ಅವರಿಗೆ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ತಿಳಿವಳಿಕೆ ಜಿಲ್ಲೆಯಲ್ಲೇ ಇರುವಾಗ ರಸ್ತೆಬದಿಗೆ ಅಲಂಕಾರದ ಗಿಡ ಏಕೆ? ಉಪ್ಪುಗಾಳಿ ತಾಳುವ ಹೊಂಗೆ, ಸುರಹೊನ್ನೆ ನೆಡಲಿ. ಬಸ್ ನಿಲ್ದಾಣ, ಮೀನುಪೇಟೆ, ಶಾಲೆಯ ಗೇಟು ಮೊದಲಾಗಲಿ. ನೆಟ್ಟ ದಿನದ ಫೋಟೋಗಿಂತ ಮುಂದಿನ ಮೂರು ಬೇಸಿಗೆಗಳ ನೀರಿಗೆ ಪಂಚಾಯಿತಿ ಹಣ ಎತ್ತಿಡಲಿ.