ವಿಶ್ವಾಸವೂ ವಿಚಾರವೂ

ಪ್ರತಿ ವರ್ಷವೂ ಆಗಸ್ಟ್ ಮಾಸದ ಕೊನೆಯಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಸ್ಮರಣೆಯ ದಿನವು ಬಂದಾಗ ಒಂದು ಮಾತು ನಮ್ಮ ಕಿವಿಗೆ ಬೀಳುತ್ತದೆ. ದೈವವನ್ನು ನಂಬುವವರಿಗೂ ವಿಚಾರವಾದಿಗಳಿಗೂ ಈ ದೇಶದಲ್ಲಿ ಸಂಭಾಷಣೆಯೇ ಅಸಾಧ್ಯ, ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರ ಮನಸ್ಸು ನೋಯದೆ ಇರದು ಎಂಬುದೇ ಆ ಮಾತು. ಉಭಯ ಪಕ್ಷಗಳ ವಿದ್ಯಾವಂತರೂ ಇದನ್ನಾಡುತ್ತಿರುವುದರಿಂದ ಸ್ವಲ್ಪ ಪರಿಶೀಲಿಸುವುದು ಅವಶ್ಯವಾಗಿದೆ.

1934ನೆಯ ಇಸವಿ ಜನವರಿ 15ರಂದು ಬಿಹಾರದಲ್ಲಿ ಘೋರ ಭೂಕಂಪವಾಯಿತು. ಮುಂಗೇರ, ಮುಜಫರಪುರ ಮೊದಲಾದ ಪಟ್ಟಣಗಳು ಹಾಳಾದವು; ನೇಪಾಳವೂ ಸೇರಿ ಹತ್ತು ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ಆಗ ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಮಹಾತ್ಮರು, ಇದು ಅಸ್ಪೃಶ್ಯತೆಯೆಂಬ ಪಾಪಕ್ಕೆ ಈಶ್ವರನು ವಿಧಿಸಿದ ಶಿಕ್ಷೆಯೆಂದು ತಿರುನೆಲ್ವೇಲಿಯಲ್ಲಿ ಹೇಳಿದರು. ರವೀಂದ್ರನಾಥ ಠಾಕೂರರು ಈ ಮಾತಿನಿಂದ ನೊಂದರು. ಅಸ್ಪೃಶ್ಯತೆಯ ವಿಷಯದಲ್ಲಿ ಅವರಿಬ್ಬರಿಗೂ ಭೇದವಿರಲಿಲ್ಲ. 1932ರಲ್ಲಿ ಯೆರವಡಾ ಸೆರೆಮನೆಯ ಉಪವಾಸದ ಕಾಲಕ್ಕೆ ಕವಿಗಳು ಮಹಾತ್ಮರ ಬಳಿಗೆ ಧಾವಿಸಿದ್ದರಷ್ಟೆ. ಆದಾಗ್ಯೂ, ಭೌತಿಕ ವಿಪತ್ತಿಗೆ ಭೌತಿಕ ಕಾರಣಗಳೇ ಇರತಕ್ಕವು, ಇದೇ ತರ್ಕವನ್ನು ಹಿಡಿದು ಸನಾತನಿಗಳು ಭೂಕಂಪವನ್ನು ಗಾಂಧಿಯವರ ಸುಧಾರಣೆಯ ತಲೆಗೇ ಕಟ್ಟಬಹುದು ಎಂದು ಅವರು ನಿರ್ದಾಕ್ಷಿಣ್ಯವಾಗಿ ಬರೆದರು.

ಈ ಖಂಡನೆಯು ಎಲ್ಲಿ ಪ್ರಕಟವಾಯಿತು? ಮಹಾತ್ಮರ ಸ್ವಂತ ಪತ್ರಿಕೆಯಾದ 'ಹರಿಜನ'ದಲ್ಲಿಯೇ, ಫೆಬ್ರವರಿ 16ರ ಸಂಚಿಕೆಯಲ್ಲಿ, ಅವರ ಉತ್ತರದೊಡನೆ. ಪತ್ರಿಕಾಕರ್ತರಾದ ನಮಗೆ ಇದು ಎಷ್ಟು ಕಷ್ಟದ ಕೆಲಸವೆಂಬುದು ಗೊತ್ತುಂಟು. ಪಾಪಕ್ಕೂ ಭೂಕಂಪಕ್ಕೂ ಇರುವ ಸಂಬಂಧವನ್ನು ತಾವು ಸಿದ್ಧಪಡಿಸಿ ತೋರಿಸಲಾರೆವೆಂದು ಮಹಾತ್ಮರು ಒಪ್ಪಿದರು. ನಂಬುಗೆಯನ್ನು ಮಾತ್ರ ಬಿಡಲಿಲ್ಲ.

ವಾದದಲ್ಲಿ ಕವಿಗಳದೇ ಸರಿಯೆಂಬುದು ನಮ್ಮ ನಿಸ್ಸಂದಿಗ್ಧವಾದ ಅಭಿಪ್ರಾಯ. ನೆಲವು ಬಿರಿದಾಗ ಅದು ಅಸ್ಪೃಶ್ಯನ ಗುಡಿಸಲನ್ನು ಬಿಟ್ಟು ಹೋಗಲಿಲ್ಲ. ಅವನು ಯಾರ ಪಾಪಕ್ಕಾಗಿ ಸತ್ತನು? ಮಹಾತ್ಮರನ್ನು ಪೂಜಿಸುವ ಮನೆಯಲ್ಲಿ ಬೆಳೆದವರಿಗೂ ಈ ಪ್ರಶ್ನೆಯನ್ನು ದಾಟಲು ದಾರಿಯಿಲ್ಲ.

ಮಹಾತ್ಮರೂ ನಿಂತಲ್ಲಿಯೇ ನಿಂತವರಲ್ಲ. ಆಂಧ್ರದ ನಿರೀಶ್ವರವಾದಿ ಗೋರಾ, ಎಂದರೆ ಗೋಪರಾಜು ರಾಮಚಂದ್ರರಾಯರು, 1944ರ ತರುವಾಯ ಸೇವಾಗ್ರಾಮಕ್ಕೆ ಬಂದು ದೇವರಿಲ್ಲವೆಂದು ಅವರೊಡನೆ ವಾದಿಸಿದರು. ಮಹಾತ್ಮರು ಅವರನ್ನು ಹೊರಗಟ್ಟಲಿಲ್ಲ. ಗೋರಾ ಅವರ ಮಗಳನ್ನು ಅಸ್ಪೃಶ್ಯ ಕುಲದ ವರನಿಗೆ ಆಶ್ರಮದಲ್ಲಿಯೇ ವಿವಾಹ ಮಾಡಿಕೊಡಲು, ಅದರಲ್ಲಿ ಈಶ್ವರನ ಬದಲು ಸತ್ಯದ ಹೆಸರನ್ನೆತ್ತಲು ಒಪ್ಪಿದರು. ಮಹಾತ್ಮರ ಹತ್ಯೆಯಾದ ಮೇಲೆ, 1948ರಲ್ಲಿ, ಆ ವಿವಾಹವು ಅಲ್ಲಿಯೇ ನೆರವೇರಿತು.

ಇನ್ನು ನಮ್ಮ ಕಾಲದ ಸಂಗತಿ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಳ್ಕರರನ್ನೂ, 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಕಲಬುರ್ಗಿಯವರನ್ನೂ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಗುಂಡಿಕ್ಕಿ ಕೊಂದರು. ದಾಭೋಳ್ಕರರ ಹತ್ಯೆಗೆ ಶಿಕ್ಷೆಯಾಗಲು 2024ರ ಮೇ ತಿಂಗಳು ಬರಬೇಕಾಯಿತು. ಅದೂ ಗುಂಡು ಹಾರಿಸಿದ ಇಬ್ಬರಿಗೆ ಮಾತ್ರ, ಉಳಿದ ಮೂವರು ಆರೋಪಿಗಳು ಬಿಡುಗಡೆ ಹೊಂದಿದರು. ಸರ್ಕಾರದವರು ಕಾನೂನು ಮಾಡಿಲ್ಲವೆಂದಲ್ಲ. ಅಮಾನುಷ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ನಿಷೇಧಿಸುವ 2017ರ ಕರ್ನಾಟಕದ ಶಾಸನವು 2020ರಿಂದ ಜಾರಿಯಲ್ಲಿದೆ. ಅಧಿಕಾರಿಗಳು ಅದನ್ನು ನಿರ್ಭಯವಾಗಿ ನಡೆಸಲಿ. ಆದರೆ ಮೊಕದ್ದಮೆಯು ಸಂಭಾಷಣೆಯ ಸ್ಥಾನವನ್ನು ತುಂಬಲಾರದು.

ಆಸ್ತಿಕ ಮಹಾಶಯರಿಗೆ ನಮ್ಮ ಬಿನ್ನಹವಿದು: ನಿಮ್ಮ ಮಠಗಳ ವೇದಿಕೆಯ ಮೇಲೆ ವರ್ಷಕ್ಕೊಮ್ಮೆಯಾದರೂ ನಿಮ್ಮನ್ನು ಒಪ್ಪದವನೊಬ್ಬನನ್ನು ಕರೆದು ಪೂರ್ತಿಯಾಗಿ ಕೇಳಿರಿ. ವಿಚಾರವಾದಿಗಳೂ ಹಳ್ಳಿಯ ಮುದುಕಿಯ ಹರಕೆಯನ್ನು ನಗೆಗೀಡುಮಾಡುವ ಮೊದಲು ಆಕೆಯೂರಿನಲ್ಲಿ ವೈದ್ಯನಿರುವನೇ ಎಂದು ವಿಚಾರಿಸಲಿ. ನಮ್ಮ ಮಟ್ಟಿಗೆ, ಈ ಲೇಖನವನ್ನು ಖಂಡಿಸಿ ಹೆಸರು ಹಾಕಿ ಬರೆದ ಪತ್ರಗಳನ್ನು ಬರುವ ವಾರ ಇದೇ ಪುಟದಲ್ಲಿ ಪ್ರಕಟಿಸುವೆವು.