ಹೈಸ್ಕೂಲ್ ಮಾಸ್ತರರ ಮತಪತ್ರ ರೈತನ ಕೈಗೂ ಬರಲಿ



ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಕಾಯ್ದೆಯೇ ಹಾಗಿದೆ. ಆದರೂ ನಮ್ಮ ತಾಂಬಾ ಭಾಗದ ಹಳ್ಳಿಗಳು ಮತ ಎಣಿಸಿದ ಮರುದಿನವೇ ಎರಡು ಪಾರ್ಟಿಯಾಗುತ್ತವೆ. ಸೋತವರ ಓಣಿಗೆ ಗಟಾರ ಬರುವುದಿಲ್ಲ. ಗೆದ್ದವರ ಮದುವೆಗೆ ಸೋತವರು ಅಕ್ಕಿಕಾಳು ಹಾಕಲು ಹೋಗುವುದಿಲ್ಲ. ಅಣ್ಣ ತಮ್ಮಂದಿರು ಬದುವಿನ ಮೇಲೆ ಎದುರಾದರೂ ಮಾತಿಲ್ಲ.

ವಿಧಾನಸಭೆ ಚುನಾವಣೆಯಲ್ಲೂ ಇದೇ ಕಥೆ. 2018ರಲ್ಲಿ ಬಿಜೆಪಿ ಶೇ 36ರಷ್ಟು ಮತಕ್ಕೆ 104 ಸ್ಥಾನ ಪಡೆಯಿತು, 2023ರಲ್ಲಿ ಕಾಂಗ್ರೆಸ್ ಶೇ 43ರಷ್ಟು ಮತಕ್ಕೆ 135. ಎರಡೂ ಸಲ ಅರ್ಧಕ್ಕಿಂತ ಹೆಚ್ಚು ಜನ ಬೇರೆಯವರಿಗೆ ಹಾಕಿದ್ದರು. ತನ್ನವರನ್ನಷ್ಟೇ ಗಟ್ಟಿ ಹಿಡಿದುಕೊಂಡರೆ ಗೆಲುವು ಸಿಗುವಾಗ, ಉಳಿದವರ ಮನೆಗೆ ಯಾರು ಬರುತ್ತಾರೆ?

ಬೇರೆ ಪದ್ಧತಿ ನಮ್ಮಲ್ಲೇ ಇದೆ. 2021ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿಗೆ ಮತ ಹಾಕುವಾಗ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಪಂಚಾಯ್ತಿ ಸದಸ್ಯರು ಶಿಕ್ಕಾ ಒತ್ತಲಿಲ್ಲ. ನೇರಳೆ ಸ್ಕೆಚ್ ಪೆನ್ನಿನಿಂದ ಹೆಸರಿನ ಮುಂದೆ 1, 2 ಎಂದು ಬರೆದರು. 2022ರ ಜೂನ್‌ನಲ್ಲಿ ವಾಯವ್ಯ ಶಿಕ್ಷಕರ ಕ್ಷೇತ್ರದಲ್ಲಿ ಹೈಸ್ಕೂಲ್ ಮಾಸ್ತರರೂ ಹೀಗೇ ಬರೆದರು. ಆ ಶಿಕ್ಷಕರ ಕ್ಷೇತ್ರದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ, ಎಲ್ಲರಿಗಿಂತ ಕಡಿಮೆ ಬಿದ್ದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರಿಗಿದೆ ನೋಡಿ ಅವರಿಗೆ ಸೇರಿಸುತ್ತಾರೆ. ಇದೇ ಪ್ರಾಶಸ್ತ್ಯದ ಮತ.

ಇದು ನಮಗೆ ಬಂದರೆ ಅಭ್ಯರ್ಥಿ ಎದುರು ಪಾರ್ಟಿಯವರ ಕಟ್ಟೆಗೂ ಬರಲೇಬೇಕು. ‘ಯಕ್ಕಾ, ಒಂದನೇದು ನಿಮ್ಮವರಿಗೇ ಕೊಡ್ರಿ, ಎರಡನೇದರೆ ನನಗ ಕೊಡ್ರಿ’ ಅನ್ನಬೇಕು. ನಿನ್ನೆ ಅದೇ ಮನೆಯವರನ್ನು ಮೈಕಿನಲ್ಲಿ ಬೈದವನಿಗೆ ಆ ಮಾತು ಬಾಯಿಗೆ ಬಾರದು.

ಓದು ಬರಹ ಬಾರದವರ ಗತಿ ಏನು ಎನ್ನುವಿರಿ. ಮೊಬೈಲಿನಲ್ಲಿ ಮಗಳ ನಂಬರ್ ಒತ್ತುವ ಅವ್ವನಿಗೆ 1, 2 ಗುರುತು ಸಿಗುತ್ತದೆ. ಬರೀ 1 ಬರೆದರೂ ಮತ ಕೆಡುವುದಿಲ್ಲ.

ವಿಧಾನಸಭೆಯ ಮತಪದ್ಧತಿ ಬದಲಿಸಲು ದೆಹಲಿಯ ಸಂಸತ್ತೇ ಬೇಕು. ಪಂಚಾಯ್ತಿಗಳದ್ದು ಹಾಗಲ್ಲ, ಅದು 1993ರ ನಮ್ಮ ರಾಜ್ಯದ ಕಾಯ್ದೆ. ಬೆಳಗಾವಿ ಅಧಿವೇಶನದಲ್ಲೇ ತಿದ್ದಬಹುದು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆಯಿಲ್ಲದೆ ವರ್ಷಗಳು ಉರುಳಿದವು. ಆ ಚುನಾವಣೆಯನ್ನೂ ಕೇಳೋಣ, ಈ ಮತಪತ್ರವನ್ನೂ ಕೇಳೋಣ.

ಮುಂದಿನ ಗ್ರಾಮಸಭೆಗೆ ಎರಡೂ ಪಾರ್ಟಿಯವರು ಕೂಡಿಯೇ ಬನ್ನಿ. ‘ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಚುನಾವಣೆಗೆ ಪ್ರಾಶಸ್ತ್ಯದ ಮತ ಕೊಡಿ’ ಎಂದು ಠರಾವು ಮಾಡಿಸಿ, ಶಾಸಕರಿಗೂ ರಾಜ್ಯ ಚುನಾವಣಾ ಆಯೋಗಕ್ಕೂ ಕಳಿಸಲು ಹೇಳಿ. ಪಿಡಿಒ ಸಹಿ ಹಾಕಿದ ಪ್ರತಿ ಕೈಗೆ ಬರುವ ತನಕ ಸಭೆ ಬಿಟ್ಟು ಏಳಬೇಡಿ.